ಮೂರನೆಯ ಸಲ ಕೇಳುವವರೆಗೆ

“ನಿನ್ನ ಹಾಟ್‌ಡಿಶ್ ಪದವಿ ಓವನ್‌ನಿಂದ ಯಾವಾಗ ಈಚೆ ಬರುತ್ತೆ?” ಎಂದು ಅತ್ತೆ ಕೇಳಿದಾಗ ನಾನು ಅವರ ಅಡುಗೆಮನೆಯಲ್ಲಿ ಮಕ್ಕಳ ಒದ್ದೆ ಕೈಗವಸುಗಳನ್ನು ಹಿಂಡುತ್ತಿದ್ದೆ. ಶಾಲೆಯ ಬಸ್ಸು ಮಕ್ಕಳನ್ನು ಇಳಿಸುವುದು ಅವರ ಬಾಗಿಲಿಗೆ. ನಮ್ಮ ಮನೆ ಅದೇ ಅಂಗಳದ ಆಚೆ ತುದಿಯಲ್ಲಿದೆ. ನಡುವೆ ಟ್ರಾಕ್ಟರ್ ಶೆಡ್ಡು, ಗೋಧಿಯ ಕಣಜ.

“ಮೇ ತಿಂಗಳಲ್ಲಿ, ಅತ್ತೆ.”

“ಉಳಿದಿದ್ದು ಬಳಿದಿದ್ದೆಲ್ಲ ಒಂದೇ ತಟ್ಟೆಗೆ ಸುರಿದ್ರೆ ಬೇಯೋಕೆ ಹೊತ್ತಾಗುತ್ತೆ ಬಿಡು. ಕಾಫಿ?”

“ಬೇಡ.”

“ಅರ್ಧ ಲೋಟ?”

“ಬೇಡ ಅತ್ತೆ, ನಿಮಗ್ಯಾಕೆ ತೊಂದ್ರೆ.”

“ಮಾಡಿದ್ದು ಹಂಗೇ ಇದೆ. ಚೆಲ್ಲಲಾ?”

“ಹಾಗಾದ್ರೆ ಒಂದು ಗುಟುಕು ಕೊಡಿ.”

ತುಂಬಿದ ಲೋಟ ಬಂತು. ನನ್ನನ್ನು ಎಷ್ಟೇ ಚುಚ್ಚಲಿ, ಆರ್ಡಿಸ್ ಬ್ರೆಕ್ಕೆ ಯಾರನ್ನೂ ಮೂರು ಸಲ ಕೇಳದೆ ಬಿಟ್ಟವರಲ್ಲ. ಸಕ್ಕರೆ ಬೀಟ್ ಸಾಗಿಸುವ ಲಾರಿಯ ಚಾಲಕನಿರಲಿ, ಚರ್ಚಿನ ಪಾದ್ರಿಯಿರಲಿ, ಸೊಸೆಯಿರಲಿ, ಮೂರನೆಯ ಸಲ ಕೇಳಿದ ಮೇಲೆಯೇ ನಾವೆಲ್ಲ ಲೋಟಕ್ಕೆ ಕೈ ಹಾಕುವುದು.

ಹಾಟ್‌ಡಿಶ್ ಎಂದು, ಸಿಕ್ಕಿದ್ದನ್ನೆಲ್ಲ ಒಂದೇ ತಟ್ಟೆಯಲ್ಲಿ ಬೇಯಿಸುವ ನಮ್ಮೂರ ಅಡುಗೆಯ ಹೆಸರಿಟ್ಟು, ಅವರು ಹಂಗಿಸುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮೂರ ಕಾಲೇಜಿನಲ್ಲಿ ಒಂದು ಮುಖ್ಯ ವಿಷಯ ಹಿಡಿಯುವ ಬದಲು ಮೂರು ಉಪವಿಷಯಗಳನ್ನು, ಅಂದರೆ ಮೈನರ್‌ಗಳನ್ನು ಆರಿಸಿ ಜೋಡಿಸಿ, ತನ್ನ ಪದವಿಯನ್ನು ತಾನೇ ಕಟ್ಟಿಕೊಳ್ಳಬಹುದು. ಈ ಮೂರು ಯಾಕೆ, ಒಟ್ಟಾಗಿ ಯಾವ ಕೆಲಸಕ್ಕೆ ಬರುತ್ತವೆ ಎಂದು ಮೂವರು ಅಧ್ಯಾಪಕರನ್ನು ಒಪ್ಪಿಸಬೇಕು, ಅಷ್ಟೆ. ನಾನು ಆರಿಸಿದ್ದು ಮಣ್ಣುವಿಜ್ಞಾನ, ಕಾನೂನು, ಸಂಧಾನ. ಕೆಲಸ ಬಸಿಗಾಲುವೆಯದು.

ಮಿನ್ನೆಸೋಟದ ಈ ಮೂಲೆಯಲ್ಲಿ ನೆಲ ಮೇಜಿನಂತೆ ಚಪ್ಪಟೆ. ಹಿಮ ಕರಗಿದರೆ ನೀರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗುವುದಿಲ್ಲ. ನಮಗೆ ಗೊತ್ತು: ಪಕ್ಕದವನ ಹೊಲಕ್ಕೆ. ನೆಲದಡಿ ತೂತಿನ ಕೊಳವೆ ಹೂತು, ನೀರನ್ನು ಬಸಿದು ಕಾಲುವೆಗೆ ಬಿಡುತ್ತೇವೆ. ಕಾಲುವೆ ತುಂಬಿ ಇನ್ನೊಬ್ಬನ ಗೋಧಿ ಮುಳುಗುತ್ತದೆ. ನನ್ನ ಅಪ್ಪ ಮತ್ತು ಚಿಕ್ಕಪ್ಪ ಒಂದು ಮೋರಿಯ ವಿಷಯಕ್ಕೆ ಮಾತು ಬಿಟ್ಟರು. ಚಿಕ್ಕಪ್ಪ ಸತ್ತಾಗ ಅಪ್ಪ ಚರ್ಚಿನ ಕೊನೆಯ ಸಾಲಿನಲ್ಲಿ ಟೋಪಿ ಹಿಡಿದು ಕೂತಿದ್ದರು, ಊಟದ ಹೊತ್ತಿಗೆ ಎದ್ದು ಹೋದರು. ಆ ಟೋಪಿ ಹಿಡಿದ ಕೈ ನನಗೆ ಮರೆತಿಲ್ಲ. ಅದಕ್ಕೇ ಕೌಂಟಿ ಆಡಳಿತದವರು ಬಸಿಗಾಲುವೆ ಜಗಳ ಬಗೆಹರಿಸಲು ಒಬ್ಬರನ್ನು ನೇಮಿಸುತ್ತಾರೆ ಎಂದು ಕೇಳಿದಾಗ ಅರ್ಜಿ ಹಾಕಿದ್ದೆ. ಕೆಲಸ ನಿನಗೇ ಅಂದಿದ್ದರು. ಪದವಿ ಮಾತ್ರ ಜೂನ್ ಒಳಗೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಫಾರ್ಗೋ ನಗರದಿಂದ ಯಾರನ್ನೋ ಕರೆಸುತ್ತೇವೆ ಅಂದಿದ್ದರು. ಚಿಕ್ಕ ವಯಸ್ಸಿನಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ಎರಡು ಮಕ್ಕಳಾದ ಮೇಲೆ ಹಿಡಿದದ್ದು ಅದಕ್ಕಾಗಿ.

“ನಮ್ಮ ನೀರು ಎಲ್ಲಿ ಹೋಗ್ಬೇಕು ಅಂತ ನಮ್ಮನೆ ಸೊಸೆ ಬಂದು ಹೇಳ್ಬೇಕಾ?” ಎಂದು ಅತ್ತೆ ಲೋಟ ತೊಳೆಯುತ್ತ ಕಿಟಕಿಗೆ ಹೇಳಿದರು. ನಮ್ಮಲ್ಲಿ ಬೈಗುಳ ಯಾವಾಗಲೂ ಕಿಟಕಿಗೆ.

ಪದವಿಯಲ್ಲಿ ಒಂದು ತೊಡಕಿತ್ತು. ‘ನೀರು ಮತ್ತು ಭೂಮಿ ಕಾನೂನು’ ಎಂಬ ಕೋರ್ಸು ಮಣ್ಣುವಿಜ್ಞಾನದ ಪಟ್ಟಿಯಲ್ಲೂ ಇದೆ, ಕಾನೂನಿನ ಪಟ್ಟಿಯಲ್ಲೂ ಇದೆ. ನಾನು ಎರಡು ಕಡೆಗೂ ಅದನ್ನೇ ಎಣಿಸಿಕೊಂಡಿದ್ದೆ. ಆದರೆ ಒಂದು ಕೋರ್ಸು ಒಂದೇ ಮೈನರ್‌ಗೆ ಸಲ್ಲಬೇಕು ಎನ್ನುವುದು ನಿಯಮ. ಒಂದು ಕರುವನ್ನು ಎರಡು ಹಸುವಿನ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಸೆಪ್ಟೆಂಬರಿನಲ್ಲಿ ಇದು ಗೊತ್ತಾದಾಗ ನಾನು ಹೆದರಲಿಲ್ಲ, ಯಾಕೆಂದರೆ ಅದೇ ವಾರ ಕಾನೂನು ವಿಭಾಗದ ಡಾಕ್ಟರ್ ಡೆಮಾರ್ಕೊ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ್ದರು. ನ್ಯೂಜೆರ್ಸಿಯವರು. ಬೇಗ ನಡೆಯುತ್ತಾರೆ, ಬೇಗ ಮಾತಾಡುತ್ತಾರೆ.

“ನಿಮ್ಮ ತೊಡಕು ಕೇಳಿದೆ. ಆ ಕೋರ್ಸು ಮಣ್ಣಿನ ಕಡೆ ಹೋಗ್ಲಿ. ನನ್ನ ಕೈಕೆಳಗೆ ಒಂದು ಸ್ವತಂತ್ರ ಅಧ್ಯಯನ ಮಾಡಿ, ಅದನ್ನ ಕಾನೂನಿಗೆ ಹಾಕ್ತೀನಿ. ಮಾಡ್ಸಲಾ?”

ನನಗೆ ಖುಷಿಯಿಂದ ಕಿವಿ ಬಿಸಿಯಾಯಿತು. “ಅಯ್ಯೋ ಬೇಡ ಮೇಡಂ, ನಿಮಗೆ ಸುಮ್ನೆ ತೊಂದ್ರೆ” ಅಂದೆ.

“ಸರಿ” ಎಂದು ಅವರು ಮೆಟ್ಟಿಲು ಹತ್ತಿ ಹೋಗಿಬಿಟ್ಟರು.

ನಾನು ಕೆಳಗೆ ಚೀಲ ಹಿಡಿದು ನಿಂತೇ ಇದ್ದೆ. ತಿರುಗಿ ನೋಡುತ್ತಾರೆ ಅಂದುಕೊಂಡೆ. ಮಾರನೆಯ ದಿನ ಕೇಳುತ್ತಾರೆ ಅಂದುಕೊಂಡೆ. ಬೀಟ್ ಕೊಯ್ಲು ಮುಗಿಯಿತು, ಹಿಮ ಬಿತ್ತು, ಕ್ರಿಸ್‌ಮಸ್ ಬಂತು. ಅವರು ಕೇಳಲಿಲ್ಲ. ಕಾರಿಡಾರಿನಲ್ಲಿ ಎದುರಾದಾಗ ನಾನು ಸ್ವಲ್ಪ ನಿಧಾನ ಮಾಡುತ್ತಿದ್ದೆ. ಅವರು ಇನ್ನಷ್ಟು ಬೇಗ ನಡೆಯುತ್ತಿದ್ದರು.

ಮನೆಯಲ್ಲಿ ಲೈಲ್‌ಗೆ ಹೇಳಿದೆ. ನನ್ನ ಗಂಡ ಯಾರ ಬಗ್ಗೆಯೂ ಬೇಗ ಕೆಟ್ಟದ್ದು ಆಡುವವನಲ್ಲ. ಮಗಳ ಬೂಟಿನ ಜಿಪ್ಪು ಸರಿಮಾಡುತ್ತ ಕೂತಿದ್ದವನು ಕೈ ನಿಲ್ಲಿಸಿ ಕೇಳಿದ: “ಒಂದೇ ಸಲ ಕೇಳಿದ್ರಾ?”

“ಒಂದೇ ಸಲ.”

“ಎರಡನೇ ಸಲ ಬಾಯೇ ಬಿಡ್ಲಿಲ್ವಾ?”

“ಇಲ್ಲ.”

“ಹಾಗಾದ್ರೆ ಅವರಿಗೆ ಮನಸ್ಸಿಲ್ಲ ಬಿಡು. ಕೇಳಿದ ಶಾಸ್ತ್ರ ಆಗ್ಲಿ ಅಂತ ಕೇಳಿದಾರೆ. ಅಮ್ಮ ಆ ವಿಮೆ ಮಾರೋನನ್ನ ಕೂಡ ಕಾಫಿಗೆ ಮೂರು ಸಲ ಕೇಳಿದ್ಳು.”

ನನಗೂ ಹಾಗೇ ಅನಿಸಿತ್ತು. ಅಲ್ಲಿಂದ ಅವರ ತರಗತಿಯಲ್ಲಿ ಕೂತಾಗಲೆಲ್ಲ ಎದೆಯಲ್ಲಿ ಒಂದು ಕಲ್ಲು. ನಾನು ಬರೆದ ಪ್ರಬಂಧದ ಅಂಚಿನಲ್ಲಿ ಅವರು ಕೆಂಪು ಶಾಯಿಯಲ್ಲಿ, ‘ಸುತ್ತಿ ಬಳಸಿ ಬರೆಯಬೇಡಿ, ಏನು ಬೇಕೋ ಅದನ್ನು ಹೇಳಿ’ ಎಂದು ಬರೆದರು. ಅದನ್ನೂ ನಾನು ದ್ವೇಷವೆಂದೇ ಓದಿಕೊಂಡೆ. ಅವರ ಪ್ರಶ್ನೆಗಳಿಗೆ ಕೈ ಎತ್ತುವುದನ್ನು ಬಿಟ್ಟೆ. ಬೇರೆ ಕಡೆ ಹೋಗಿ ಕೇಳೋಣವೆಂದರೆ ಕಾನೂನು ವಿಭಾಗವೆಂದರೆ ಅವರೊಬ್ಬರೇ.

ಮಾರ್ಚಿನಲ್ಲಿ ಕಾಲೇಜಿನವರು ತಿಳಿಸಿದರು: ಕಾನೂನು ಮೈನರ್‌ನಲ್ಲಿ ಒಂದು ಕೋರ್ಸು ಕಡಿಮೆ, ಪದವಿ ಈ ಸಲ ಇಲ್ಲ. ಮೂವರು ಅಧ್ಯಾಪಕರು ಸೇರಿ ಬೇರೆ ದಾರಿ ಕಂಡರೆ ಮಾತ್ರ ಆಗಬಹುದು. ವಸಂತ ಸೆಮಿಸ್ಟರಿನ ಎರಡನೇ ಅರ್ಧದ ನೋಂದಣಿ ಆ ಶುಕ್ರವಾರ ಮುಗಿಯುವುದಿತ್ತು. ಗುರುವಾರ ಸಭೆ ಕರೆದರು.

ಸಭೆಗೆ ಮುಖ್ಯಸ್ಥರು ಸಂಧಾನ ಕಲಿಸುವ ಡಾಕ್ಟರ್ ಲಿಂಡ್‌ಕ್ವಿಸ್ಟ್. ಜಗಳ ಬಿಡಿಸುವುದನ್ನು ಕಲಿಸುವ ಅವರಿಗೆ ಜಗಳವೆಂದರೆ ಹೊಟ್ಟೆನೋವು. ಹೆಂಡತಿ ಮಾಡಿಕೊಟ್ಟ ಸಿಹಿತಿಂಡಿ, ಖರ್ಜೂರದ ಬಾರ್‌ಗಳನ್ನು ಚೌಕ ಚೌಕವಾಗಿ ಕತ್ತರಿಸಿ ತಂದು ಮೇಜಿನ ಮಧ್ಯೆ ಇಟ್ಟಿದ್ದರು. ಒಂದು ತುದಿಯಲ್ಲಿ ಮಣ್ಣುವಿಜ್ಞಾನದ ಡಾಕ್ಟರ್ ಪ್ರೊಕಾಪ್, ಬೀಟ್ ಬೆಳೆಯುವವರ ಮಗ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದರು. ಇನ್ನೊಂದು ತುದಿಯಲ್ಲಿ ಡೆಮಾರ್ಕೊ. ಇವರಿಬ್ಬರು ಒಂದೇ ಕೋಣೆಯಲ್ಲಿ ಕೂತದ್ದನ್ನು ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ಓದುವವರು ಕಡಿಮೆಯಾದ ಮೈನರ್‌ಗಳನ್ನು ಮುಚ್ಚುತ್ತೇವೆಂದು ಡೀನ್ ಹೇಳಿದ ಮೇಲಂತೂ ಇಬ್ಬರೂ ಓದುವವರ ಒಂದೊಂದು ತಲೆಗೂ ಕಚ್ಚಾಡುತ್ತಿದ್ದರು. ಆ ದಿನದ ತಲೆ ನನ್ನದು.

“ಬಾರ್ ತಗೊಳ್ಳಿ” ಎಂದರು ಲಿಂಡ್‌ಕ್ವಿಸ್ಟ್.

“ಬೇಡ” ಅಂದರು ಪ್ರೊಕಾಪ್. “ಬೇಡ” ಅಂದೆ ನಾನು. ಡೆಮಾರ್ಕೊ ಕೈ ಚಾಚಿ ಎಲ್ಲಕ್ಕಿಂತ ದೊಡ್ಡ ಚೌಕವನ್ನು ತೆಗೆದುಕೊಂಡು ಕಚ್ಚಿದರು. ಪ್ರೊಕಾಪ್ ಮೂಗಿನಲ್ಲೇ ಉಸಿರು ಬಿಟ್ಟರು.

“ಆ ಕೋರ್ಸು ಮಣ್ಣಿನದು. ಕಟ್ಟಿದ್ದೇ ನಾನು” ಎಂದು ಅವರು ಕಿಟಕಿಗೆ ಹೇಳಿದರು.

“ಕಟ್ಟಿದ್ದು ನೀವು, ಕಲಿಸ್ತಿರೋದು ನಾನು. ಹೆಸರಲ್ಲೇ ಕಾನೂನು ಅಂತಿದೆ. ಓದೋಕೆ ಬರುತ್ತಲ್ಲ?”

“ನೀವು ಕಲಿಸ್ತಿರೋದು ಹೇಗೆ ಅಂತ ಗೊತ್ತು. ಕಿತ್ಕೊಂಡು.”

“ಕಿತ್ಕೊಂಡು? ನಾನಾ?”

“ನೋಡೋಣ, ನೋಡೋಣ,” ಲಿಂಡ್‌ಕ್ವಿಸ್ಟ್ ತಟ್ಟೆಯನ್ನು ಅತ್ತಿತ್ತ ಸರಿಸಿದರು. “ಎಲ್ಲರಿಗೂ ಅವರವರ ಭಾವನೆ ಇರುತ್ತೆ...”

“ಕೋರ್ಸು ಕಾನೂನಿಗೆ ಬರ್ಲಿ, ಮುಗೀತು. ಇವರ ಪದವಿ ಆಗುತ್ತೆ” ಅಂದರು ಡೆಮಾರ್ಕೊ.

“ಆಗ ನನ್ನಲ್ಲಿ ಒಂದು ಕಮ್ಮಿ ಆಗುತ್ತೆ. ಒಂದೂ ಬಿಡಲ್ಲ. ಪದವಿ ಹೋದ್ರೂ ಬಿಡಲ್ಲ.”

ಪದವಿ ಹೋದರೂ. ನಾನು ಅಲ್ಲೇ ಕೂತಿದ್ದೆ, ಎರಡು ಅಡಿ ದೂರದಲ್ಲಿ. ಬೆಳಗ್ಗೆ ಮಗ ತನ್ನ ತಿಂಡಿಡಬ್ಬಿ ಮುಚ್ಚುವಾಗ, “ಅಮ್ಮಾ, ಇವತ್ತು ಗೆದ್ದು ಬಾ” ಅಂದಿದ್ದ. ಗೆಲ್ಲುವುದೇನು, ನನ್ನನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಡೆಮಾರ್ಕೊ ಬಾರಿನ ಪುಡಿಯನ್ನು ಕೈಯಿಂದ ಝಾಡಿಸಿದರು. “ಇದೆಲ್ಲ ಬೇಕಾಗೇ ಇರ್ಲಿಲ್ಲ. ಸೆಪ್ಟೆಂಬರಲ್ಲೇ ನಾನು ಇವರಿಗೆ ಸ್ವತಂತ್ರ ಅಧ್ಯಯನ ಕೊಡ್ತೀನಿ ಅಂದೆ. ಕೋರ್ಸು ನಿಮಗೇ ಇರ್ಲಿ ಅಂತಾನೂ ಅಂದೆ, ಪ್ರೊಕಾಪ್. ಇವರೇ ಬೇಡ ಅಂದ್ರು. ನನ್ನ ಕೆಳಗೆ ಓದೋಕೆ ಇಷ್ಟ ಇಲ್ಲದೋರ ಕಾಲು ನಾನು ಹಿಡೀಬೇಕಾ?”

“ನನಗೆ ಇಷ್ಟ ಇತ್ತು” ಅಂದೆ. ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ. “ಇಷ್ಟ ಇತ್ತು, ಮೇಡಂ.”

“ಬೇಡ ಅಂದ್ರಿ! ಮೆಟ್ಟಿಲ ಹತ್ರ. ನನ್ನ ಮುಖಕ್ಕೆ!”

ಪ್ರೊಕಾಪ್ ಮೊದಲ ಸಲ ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿದರು. “ಎಷ್ಟು ಸಲ ಕೇಳಿದ್ರಿ?”

“ಎಷ್ಟು ಸಲ ಅಂದ್ರೆ?”

“ಅದೇ. ಎಷ್ಟು ಸಲ?”

“ಒಂದು ಸಲ. ಮನುಷ್ಯರು ಕೇಳೋದೇ ಒಂದು ಸಲ.”

ಪ್ರೊಕಾಪ್ ನಕ್ಕರು. ಚಂದದ ನಗುವಲ್ಲ, ನಾಯಿ ಬೊಗಳಿದಂತೆ. “ಒಂದು ಸಲ! ಒಂದು ಸಲ ಕೇಳೋದು ಕೇಳೋದಾ? ಅದು ಬಾಗಿಲು ತೋರ್ಸೋದು. ಈ ಹೆಣ್ಣುಮಗಳು ಏನ್ ಮಾಡ್ಬೇಕಿತ್ತು, ಮೊದಲ್ನೇ ಸಲಕ್ಕೇ ಕೈ ಚಾಚ್ಬೇಕಿತ್ತಾ, ನೀವು ಆ ಬಾರ್ ಬಾಚ್ಕೊಂಡ ಹಾಗೆ?”

ಡೆಮಾರ್ಕೊ ಅವರನ್ನು ನೋಡಿದರು. ನನ್ನನ್ನು ನೋಡಿದರು. ಲಿಂಡ್‌ಕ್ವಿಸ್ಟ್ ಕಡೆ ತಿರುಗಿದರು. “ಇದು ನಿಜವಾ?”

ಲಿಂಡ್‌ಕ್ವಿಸ್ಟ್ ತಟ್ಟೆಯಲ್ಲಿ ಖಾಲಿಯಾಗಿದ್ದ ಚೌಕವನ್ನೇ ನೋಡುತ್ತ, “ಅಂದ್ರೆ... ರೂಢಿ ಹಾಗಿದೆ. ಮೂರು ಸಲ. ಯಾರೂ ಹೇಳ್ಲಿಲ್ವಾ ನಿಮಗೆ?” ಅಂದರು.

“ಈ ಊರಿಗೆ ಬಂದು ಹನ್ನೊಂದು ವರ್ಷ ಆಯ್ತು.” ಅವರ ಕುತ್ತಿಗೆ ಕೆಂಪಾಗಿತ್ತು. “ಮೊದಲ ಚಳಿಗಾಲ ನಮ್ಮ ಬೀದಿಯವರನ್ನೆಲ್ಲ ಊಟಕ್ಕೆ ಕರೆದೆ. ಒಬ್ಬೊಬ್ಬರೂ ಬೇಡ ಅಂದ್ರು. ಒಬ್ಬಳೇ ಕೂತು, ಎಲ್ಲರಿಗೂ ಅಂತ ಮಾಡಿಟ್ಟಿದ್ದ ಲಸಾನ್ಯಾನ ವಾರವೆಲ್ಲ ತಿಂದೆ. ಇಟಲಿಯವಳು ಅಂತಲೋ, ಮದುವೆ ಆಗಿಲ್ಲ ಅಂತಲೋ, ಯಾಕೋ ಈ ಊರಿಗೆ ನಾನು ಬೇಡ ಅಂದ್ಕೊಂಡೆ. ಮತ್ತೆ ಯಾರನ್ನೂ ಕರೀಲಿಲ್ಲ. ಮತ್ತೆ ನೀವು...” ಅವರು ತಟ್ಟನೆ ಪ್ರೊಕಾಪ್ ಕಡೆ ತಿರುಗಿದರು. “ಆ ಕೋರ್ಸು! ಇಬ್ಬರೂ ಸೇರಿ ಕಲಿಸೋಣ್ವಾ ಅಂತ ಕೇಳಿದ್ದೆ. ನೀವು ಏನಂದ್ರಿ?”

ಪ್ರೊಕಾಪ್ ಮತ್ತೆ ಕಿಟಕಿಯ ಕಡೆ ನೋಡಿದರು.

“ಏನಂದ್ರಿ? ಹೇಳಿ.”

“ಬೇಡ, ನೀವೇ ನಡೆಸ್ಕೊಳ್ಳಿ ಅಂದೆ.”

“ಅಂದು ಕಾಯ್ತಾ ಕೂತ್ರಿ! ಇಷ್ಟು ವರ್ಷ! ನಾನು ಕಿತ್ಕೊಂಡೆ ಅಂತ ಊರೆಲ್ಲ ಹೇಳ್ಕೊಂಡು!”

“ಇನ್ನೊಂದು ಸಲ ಕೇಳಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ?”

“ಹೂಂ ಅಂದಿದ್ರೆ ನಿಮ್ಮ ಹಲ್ಲು ಬೀಳ್ತಿತ್ತಾ?”

ಇಷ್ಟು ತಿಳಿದ ಮೇಲೆ ಮನಸ್ಸು ತಿಳಿಯಾಗುತ್ತದೆ ಎಂದು ಯಾರಾದರೂ ಅಂದುಕೊಳ್ಳಬಹುದು. ಆಗಲಿಲ್ಲ. ತಪ್ಪು ತಿಳಿದಿದ್ದೆ ಎಂದು ಗೊತ್ತಾದ ಮನುಷ್ಯನಷ್ಟು ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. ಪ್ರೊಕಾಪ್ ಎದ್ದು ನಿಂತು, ನೀವು ಮರ್ಯಾದೆಯ ಮಾತಿಗೂ ಬೆಲೆಯಿಲ್ಲದ ಊರಿಂದ ಬಂದವರು ಎಂದರು. ಡೆಮಾರ್ಕೊ ಕೂತಲ್ಲಿಂದಲೇ, ನಿಮ್ಮ ‘ಬೇಡ’ ಎನ್ನುವುದು ವಿನಯವಲ್ಲ, ಬೇರೆಯವರ ತಲೆಯ ಮೇಲೆ ಹೊರಿಸುವ ಹೊರೆ, ಬೇಕಾದ್ದನ್ನು ನೀವು ಬಾಯಿ ಬಿಟ್ಟು ಕೇಳುವುದಿಲ್ಲ, ಕೊಡದವರನ್ನು ಮಾತ್ರ ಜನ್ಮವಿಡೀ ಬೈಯುತ್ತೀರಿ ಎಂದರು. ಲಿಂಡ್‌ಕ್ವಿಸ್ಟ್ ಒಂದು ಬಾರ್ ತೆಗೆದುಕೊಂಡು, ತಿನ್ನದೆ, ಮತ್ತೆ ಅಲ್ಲೇ ಇಟ್ಟರು.

ಡೆಮಾರ್ಕೊ ಆಡಿದ ಆ ಮಾತು ನನ್ನ ಮೈಗೆ ತಾಗಿತು. ಅಪ್ಪ ನೆನಪಾದರು. ಮೋರಿ ದುರಸ್ತಿಗೆ ಚಿಕ್ಕಪ್ಪ ಒಂದು ಸಲ, “ನಾನೂ ಬರ್ಲಾ?” ಎಂದು ಕೇಳಿದ್ದರಂತೆ. ಅಪ್ಪ ಬೇಡವೆಂದಿದ್ದರಂತೆ. ಚಿಕ್ಕಪ್ಪ ಮತ್ತೆ ಕೇಳದೆ ಹೋಗಿದ್ದರಂತೆ. ಅಪ್ಪ ಅದನ್ನೇ ಹೇಳಿ ಹೇಳಿ ಬೈಯುತ್ತಿದ್ದರು. ಆ ದಿನ ಚಿಕ್ಕಪ್ಪನಿಗೆ ಏನು ಅವಸರವಿತ್ತೋ, ಯಾರೂ ವಿಚಾರಿಸಲಿಲ್ಲ.

ಡೆಮಾರ್ಕೊ ನನ್ನ ಕಡೆ ತಿರುಗಿದರು. ಮುಖದಲ್ಲಿ ಕನಿಕರ ಇರಲಿಲ್ಲ.

“ಶ್ರೀಮತಿ ಬ್ರೆಕ್ಕೆ, ಕೇಳಿಸ್ಕೊಳ್ಳಿ. ಸ್ವತಂತ್ರ ಅಧ್ಯಯನ. ನಾಳೆಯಿಂದ ಶುರು, ಮೇ ಮೊದಲ ವಾರಕ್ಕೆ ಮುಗೀಬೇಕು. ಗ್ರಂಥಾಲಯದಲ್ಲಿ ಕೂತು ಬರೆಯೋದಲ್ಲ, ಜೀವಂತ ಜಗಳ ಬೇಕು. ನಿಮ್ಮ ಮನೆಗೆ ಹತ್ತಿರದ ಕಾಲುವೆ ಜಗಳ ಯಾವುದು?”

ನಾನು ಉತ್ತರಿಸುವ ಮೊದಲೇ ಪ್ರೊಕಾಪ್ ಹೇಳಿದರು: “ಇವರ ಅತ್ತೆಯದು. ಆರ್ಡಿಸ್ ಬ್ರೆಕ್ಕೆ ಹೊಲದಲ್ಲಿ ಕೊಳವೆ ಹೂತ ಮೇಲೆ ಪಕ್ಕದ ಸ್ಟೆನರ್ಸನ್ ಗೋಧಿ ಪ್ರತಿ ವರ್ಷ ಮುಳುಗುತ್ತೆ. ಕೌಂಟಿಗೆಲ್ಲ ಗೊತ್ತು.”

“ಒಳ್ಳೇದಾಯ್ತು. ಅದೇ.” ಡೆಮಾರ್ಕೊ ಪೆನ್ನು ಕೆಳಗಿಟ್ಟರು. “ನಿಮ್ಮ ಅತ್ತೆ ಅಂತ ಒಂದು ಸಾಲು ಮೆತ್ತಗೆ ಬರೆದ್ರೂ ಫೇಲ್ ಮಾಡ್ತೀನಿ. ಈಗ ಕೇಳ್ತೀನಿ. ಒಂದೇ ಸಲ. ಇನ್ನೊಂದು ಸಲ ಕೇಳಲ್ಲ, ನಿಮ್ಮೂರ ರೂಢಿ ಏನೇ ಇರ್ಲಿ. ಬೇಕಾ, ಬೇಡ್ವಾ?”

ಅತ್ತೆಯ ಅಂಗಳದಲ್ಲಿ ಬಾಳುತ್ತ ಅತ್ತೆಯ ನೀರನ್ನು ಅಳೆಯಬೇಕು. ಅದು ಒಂದು. ಅದಕ್ಕಿಂತಲೂ ದೊಡ್ಡದು ಇನ್ನೊಂದಿತ್ತು, ಹೇಳಲು ನಾಚಿಕೆ: ಮೊದಲ ಸಲಕ್ಕೇ ಹೂಂ ಅನ್ನುವುದು. ನನ್ನ ಅಮ್ಮ, ಅಜ್ಜಿ ಯಾರೂ ಹಾಗೆ ಅಂದವರಲ್ಲ. ‘ಬೇಡ’ ಎನ್ನುವ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಪ್ರೊಕಾಪ್ ನನ್ನನ್ನೇ ನೋಡುತ್ತಿದ್ದರು. ನಾನು ಬೇಡವೆಂದರೆ ಅವರು ಗೆದ್ದ ಹಾಗೆ ಎಂದು ಅವರ ಮುಖದಲ್ಲಿತ್ತು.

“ಬೇಕು” ಅಂದೆ.

ತಟ್ಟೆಯ ಕೊನೆಯ ತುಂಡನ್ನು ಎಲ್ಲರೆದುರು ಎತ್ತಿಕೊಂಡಂತೆ ಕೆಟ್ಟದಾಗಿ ಕೇಳಿಸಿತು ಅದು. ಲಿಂಡ್‌ಕ್ವಿಸ್ಟ್ ಕಣ್ಣು ತಗ್ಗಿಸಿದರು.

“ಹೂಂ. ಇದೊಂಥರಾ ಬೇರೆ” ಅಂದರು ಪ್ರೊಕಾಪ್. ನಮ್ಮಲ್ಲಿ ಅದಕ್ಕಿಂತ ಕಟುವಾದ ಮಾತಿಲ್ಲ. ಆಮೇಲೆ ಡೆಮಾರ್ಕೊ ಕಡೆ ನೋಡದೆ ಹೇಳಿದರು: “ಮಣ್ಣಿನ ಅಳತೆ ನಾನೇ ಪರೀಕ್ಷೆ ಮಾಡ್ತೀನಿ. ಕಾನೂನಿನೋರಿಗೆ ನೀರು ಯಾವ ಕಡೆ ಹರಿಯುತ್ತೆ ಅಂತ್ಲೂ ಗೊತ್ತಿರಲ್ಲ.”

“ಮಾಡಿ. ಇನ್ನೊಂದು ಸಲ ಕೇಳ್ಬೇಕಾ?”

“ಬೇಡ!” ಎಂದು ಕಿರುಚಿ ಅವರು ಕೋಟು ಎತ್ತಿಕೊಂಡು ಹೋದರು. ಆ ‘ಬೇಡ’ಕ್ಕೆ ಅರ್ಥ ಯಾವುದೆಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆದರೆ ಮೇಜಿನ ಮೇಲಿನ ಒಪ್ಪಿಗೆಯ ಕಾಗದಕ್ಕೆ ಅವರು ಹೋಗುವ ಮೊದಲೇ ಸಹಿ ಹಾಕಿದ್ದರು.

ಮನೆಗೆ ಬರುವ ದಾರಿಯಲ್ಲಿ ಕಾಲುವೆಗಳ ಅಂಚಿನಲ್ಲಿ ಹಿಮ ಕಪ್ಪಾಗಿ ಕರಗುತ್ತಿತ್ತು. ಸ್ಟೆನರ್ಸನ್ ಹೊಲದ ತಗ್ಗಿನಲ್ಲಿ ಆಗಲೇ ನೀರು ನಿಂತು ಆಕಾಶ ಕಾಣಿಸುತ್ತಿತ್ತು. ಅತ್ತೆಯ ಅಡುಗೆಮನೆಗೆ ಹೋದಾಗ ಮಕ್ಕಳು ಒಳಕೋಣೆಯಲ್ಲಿ ಟಿವಿ ಮುಂದಿದ್ದರು. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆದಾಗಿತ್ತು, ಅತ್ತೆಯ ಕೈಯ ಬಿಗಿ ಹೆಣಿಗೆ. ನನ್ನನ್ನು ಸಹಿಸದ ಕೈ ನನ್ನ ಮಗಳ ತಲೆಯ ಮೇಲೆ ಮಾತ್ರ ಮೆತ್ತಗೆ ಆಡಿರಬೇಕು. ಅದನ್ನು ನೋಡಿ ಒಂದು ಗಳಿಗೆ, ಇವತ್ತು ಬಿಟ್ಟು ನಾಳೆ ಹೇಳೋಣವೇ ಅನಿಸಿತು. ಆದರೆ ಇಂಥದ್ದನ್ನು ನಾಳೆಗೆ ಬಿಟ್ಟರೆ ಅದು ಮತ್ತೆ ಕಿಟಕಿಗೆ ಹೇಳುವ ಮಾತಾಗುತ್ತದೆ.

ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕೊನೆಗೆ ಕೇಳಿದೆ: “ಅತ್ತೆ, ನಿಮ್ಮ ಕೊಳವೆ ಕಾಲುವೆಗೆ ಬೀಳೋ ಜಾಗ ನೋಡ್ಬೇಕು. ಹೊಲಕ್ಕೆ ಇಳೀಲಾ?”

“ಬೇಡ.”

ನಾನು ಉಸಿರು ಎಳೆದುಕೊಂಡೆ. “ಕೌಂಟಿಯೋರು ಬಂದು ನೋಡೋದಕ್ಕಿಂತ ಮನೆಯವಳು ನೋಡೋದು ವಾಸಿ. ಇಳೀಲಾ?”

“ಬೇಡ ಅಂದೆ. ನಿನ್ನ ಮಾವ ಇದ್ದಾಗ ತೋಡಿದ್ದು. ಅವರು ತಪ್ಪು ಮಾಡಿದ್ರು ಅಂತ ಬರೆಯೋಕೆ ಬಂದಿದೀಯಾ?”

“ಏನಿದೆಯೋ ಅದನ್ನ ಬರೀತೀನಿ. ಮೂರನೇ ಸಲ ಕೇಳ್ತಿದೀನಿ, ಅತ್ತೆ. ಇಳೀಲಾ?”

ಅವರು ಒಲೆಯ ಮುಂದಿನಿಂದ ಪೂರ್ತಿ ತಿರುಗಿ ನನ್ನ ಕಣ್ಣಲ್ಲೇ ಕಣ್ಣಿಟ್ಟರು. ಕಿಟಕಿಗಲ್ಲ, ನನಗೇ ಹೇಳಿದರು: “ಬೇಡ.”

ಸರಿ. ಇದು ನಿಜವಾದ ಬೇಡ. ಅಷ್ಟು ಸ್ಪಷ್ಟವಾಗಿ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ವಿಚಿತ್ರವೆಂದರೆ ನನಗೆ ಹಗುರವಾಯಿತು.

“ಹಾಗಾದ್ರೆ ರಸ್ತೆ ಕಡೆಯಿಂದ ಇಳೀತೀನಿ. ಕಾಲುವೆ ದಂಡೆ ಕೌಂಟಿ ಜಾಗ. ಅಲ್ಲಿಂದ ನಿಮ್ಮ ಕೊಳವೆ ಬಾಯಿ ಕಾಣುತ್ತೆ.”

“ಕಾಣುತ್ತೆ” ಅಂದರು. “ನಾನು ತಡೆಯೋಕಾಗಲ್ಲ.”

“ಆಗಲ್ಲ.”

ಅವರು ಮತ್ತೆ ಬೆನ್ನು ತಿರುಗಿಸಿದರು. ಪಾತ್ರೆ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಹೊರಗಿನವರನ್ನು ಕೇಳುವ ಧ್ವನಿಯಲ್ಲಿ ಕೇಳಿದರು: “ಕಾಫಿ?”

ಆ ಧ್ವನಿಯಲ್ಲೇ ತಿಳಿಯಿತು, ಇವತ್ತು ಒಂದೇ ಸಲ. ನಾನು ಬೇಡವೆನ್ನುತ್ತೇನೆ, ಅವರು ಸರಿ ಅನ್ನುತ್ತಾರೆ. ನಾಳೆಯಿಂದ ಈ ಅಡುಗೆಮನೆಯಲ್ಲಿ ನಾನು ವಿಮೆ ಮಾರುವವನಿಗಿಂತ ಕಡೆ.

“ಬೇಕು” ಅಂದೆ.

ಬಟ್ಟೆ ಕೈಯಲ್ಲೇ ನಿಂತಿತು. ಅವರು ಕೆಟಲಿನ ಕಡೆ ನೋಡಿದರು, ನಾನೂ ನೋಡಿದೆ. ತೊಳೆದು ಬೋರಲು ಹಾಕಿದ್ದರು.

“ಮಾಡಿಲ್ಲ.”

“ಪರವಾಗಿಲ್ಲ. ಕಾಯ್ತೀನಿ.”

ನಾನು ಬೂಟು ಬಿಚ್ಚಿ, ಕುರ್ಚಿ ಎಳೆದು ಕೂತೆ. ಅವರು ಕೆಟಲು ನೆಟ್ಟಗೆ ಮಾಡಿ ಸದ್ದಾಗುವಂತೆ ನೀರು ತುಂಬಿಸಿದರು. ಕಾಫಿಪುಡಿಯ ಡಬ್ಬಿಯ ಮುಚ್ಚಳ ಮೇಜಿನ ಮೇಲೆ ಉರುಳಿ ನನ್ನ ಹತ್ತಿರ ಬಂತು. ನಾನು ಎತ್ತಿ ಕೊಟ್ಟೆ. ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ.

ನೀರು ಕಾಯುವ ಹೊತ್ತಿನಲ್ಲಿ ಕೇಳಿದರು: “ಆ ಸ್ಟೆನರ್ಸನ್ ಹತ್ರಾನೂ ಹೋಗ್ತೀಯಾ?”

“ಹೋಗ್ತೀನಿ. ಅವನ ನೀರು ಎಲ್ಲಿಂದ ಬರುತ್ತೆ ಅಂತ್ಲೂ ಅಳೀಬೇಕಲ್ಲ. ಎಲ್ಲಾ ನಿಮ್ಮದೇ ಅಂತ ಏನಿದೆ?”

ಕೆಟಲು ಗುರುಗುಟ್ಟಿತು. ಅತ್ತೆ ಉರಿ ತಗ್ಗಿಸುತ್ತ, “ಅವನೂ ಬೇಡ ಅಂತಾನೆ” ಅಂದರು.

“ಎಂಥ ಬೇಡ ಅಂತ ಕೇಳ್ಕೊಂಡು ಬರ್ತೀನಿ.”

ಕಾಫಿ ಬಂತು. ಲೋಟ ಅರ್ಧ ಮಾತ್ರ ತುಂಬಿತ್ತು. ಹಾಲಿಲ್ಲ, ಸಕ್ಕರೆಯಿಲ್ಲ, ಪಕ್ಕದಲ್ಲಿ ಬಿಸ್ಕತ್ತಿಲ್ಲ. ನಾನು ಅವರ ಎದುರಿಗೇ ಕೂತು, ಬಿಸಿಯಿದ್ದಂತೆಯೇ ಅಷ್ಟನ್ನೂ ಕುಡಿದು ಮುಗಿಸಿದೆ. ಕೆಟಲಿನಲ್ಲಿ ಇನ್ನೂ ಇತ್ತು, ಇಬ್ಬರಿಗೂ ಗೊತ್ತಿತ್ತು. ಅವರು ಕೇಳಲಿಲ್ಲ.

ನಾನು ಖಾಲಿ ಲೋಟವನ್ನು ಮೇಜಿನ ಮೇಲೆ ಅವರ ಕಡೆ ಸರಿಸಿದೆ. “ಇನ್ನರ್ಧ ಕೊಡಿ, ಅತ್ತೆ.”

ಅವರು ಲೋಟವನ್ನು ನೋಡಿದರು. ನಾನು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದೆ.